ಒಂದನ್ನು ಮುರಿದು ನೋಡು

ಕಿಡಿ ಚೆನ್ನಾಗಿಯೇ ಬರುತ್ತಿದೆ, ಹಾಳಾದ್ದು, ಇಷ್ಟು ಚೆನ್ನಾಗಿ ಬರಬಾರದಿತ್ತು, ಸಾಣೆ ಚಕ್ರಕ್ಕೆ ಸರಳಿನ ಮೂಲೆ ತಾಗಿದ ಕೂಡಲೇ ಬುಡದಲ್ಲೇ ಒಡೆದು ಕವಲು ಕವಲಾಗಿ ಸಿಡಿಯುತ್ತಿದೆ, ಮೆತ್ತನೆ ಕಬ್ಬಿಣವಾಗಿದ್ದರೆ ಉದ್ದಕ್ಕೊಂದು ಗೆರೆ ಎಳೆದು ಸುಮ್ಮನೆ ಆರಿಹೋಗುತ್ತಿತ್ತು, ಇದು ಹಾಗಲ್ಲ, ಚಾಕುವಿಗೆಂದೇ ಹುಟ್ಟಿದ ಉಕ್ಕು — ನೋಡ್ರಿ ಸಾಬ್ರೆ, ಹೂವು ಹೆಂಗೆ ಬಿಡ್ತೈತೆ ನೋಡ್ರಿ, ಅನ್ನುತ್ತಾನೆ ಹುಲಿಯಪ್ಪ, ಬಾಗಿಲ ಬಳಿಯ ಸ್ಟೂಲಿನ ಮೇಲೆ, ಮೊಣಕಾಲ ಮೇಲೆ ಬಾಳೆಹಣ್ಣಿನ ಚೀಲ ಇಟ್ಟುಕೊಂಡು, ಹರಿಹರದಿಂದ ಬೆಳಗಿನ ಬಸ್ಸಿಗೆ ಬಂದವನು, ನಾನು ತಿರುಗಿ ನೋಡುವುದಿಲ್ಲ, ಸ್ವಿಚ್ ಆರಿಸುತ್ತೇನೆ, ಚಕ್ರ ತಾನಾಗಿ ನಿಲ್ಲುವವರೆಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಬಾಳೆಹಣ್ಣು ಇಜಾಜನಿಗೆ. ನನ್ನ ತಮ್ಮನಿಗೆ. ಅವನ ಬಲಗಣ್ಣು ಹೋಗಿ ಇವತ್ತಿಗೆ ಐವತ್ತೆರಡು ದಿನ, ಬಕ್ರೀದಿನ ಬೆಳಿಗ್ಗೆ, ಕುರಿಯ ಭುಜದ ಕೀಲಿಗೆ ಚಾಕುವಿನ ತುದಿ ಹಾಕಿ ತಿರುವಿದ, ಎಲ್ಲ ಕಸಾಯಿಗಳೂ ತಿರುವುತ್ತಾರೆ, ತುದಿ ಮುರಿದು ಹಾರಿತು, ಅಕ್ಕಿಕಾಳಿನಷ್ಟು ಚೂರು. ಚಾಕು ಮಾಡಿದವನು ನಾನು, ಉಕ್ಕು ಕೊಟ್ಟವನು ಈ ಸ್ಟೂಲಿನ ಮೇಲೆ ಕೂತವನು, ಇಬ್ಬರಲ್ಲಿ ಒಬ್ಬರ ತಪ್ಪು, ಯಾರದೆಂದು ತೀರ್ಮಾನ ಆಗಬೇಕಾದದ್ದು ಇವತ್ತು, ಈ ಬೆಂಚಿನ ಮೇಲೆ.

ಯಾರದೆಂದು ನಾನು ಆಗಲೇ ಹೇಳಿಬಿಟ್ಟಿದ್ದೇನೆ, ಪಿ.ಜೆ. ಬಡಾವಣೆಯ ಆಸ್ಪತ್ರೆಯಲ್ಲಿ, ಕಣ್ಣಿನ ಡಾಕ್ಟರು ಹೊರಗೆ ಬಂದು ಉಳಿಸೋಕೆ ಆಗಲ್ಲ ಅಂದ ಹೊತ್ತಿಗೆ, ಇಜಾಜನ ಹೆಂಡತಿ ಆಮ್ನಾ ಗೋಡೆಗೆ ಹಣೆ ಒತ್ತಿ ನಿಂತಿದ್ದವಳು ತಿರುಗಿ ನನ್ನನ್ನು ನೋಡಿದಳು ಅಷ್ಟೇ, ನನ್ನ ಬಾಯಿ ತಾನೇ ತೆರೆದುಕೊಂಡಿತು, ಹರಿಹರದ ಹುಲಿಯಪ್ಪ ಕೊಟ್ಟ ಕಬ್ಬಿಣ ಖೋಟಾ, ನನ್ನ ಕೈಯಲ್ಲಿ ಏನೈತೆ — ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ನೆಲಕ್ಕಾದರೆ ಬಾಯಿಲ್ಲ, ಹುಲಿಯಪ್ಪನಿಗೆ ಬಾಯಿದೆ, ಅವನು ಬೈಯಲಿಲ್ಲ. ಮಾತು ಊರೆಲ್ಲ ಸುತ್ತಿತು, ಈಗ ದಾವಣಗೆರೆಯ ಚಾಕುವಿನವರು, ಕುಡುಗೋಲು ಬಡಿಯುವವರು, ಯಾರೂ ಅವನ ಗುಜರಿ ಅಂಗಡಿಯ ಕಡೆ ತಲೆ ಹಾಕುವುದಿಲ್ಲ, ಹೋದ ಶುಕ್ರವಾರ ಅವನೇ ಬಂದ, ಅದೇ ಸರಳಿನ ಉಳಿದ ಅರ್ಧವನ್ನು ಗೋಣಿಯಲ್ಲಿ ಸುತ್ತಿಕೊಂಡು, ಅದಲುಬದಲಾಗದಂತೆ ಅದರ ಮೇಲೆ ಸುಣ್ಣದ ಗುರುತು ಹಾಕಿ, ಇದರಾಗೂ ಒಂದು ಚಾಕು ಮಾಡ್ರಿ ಸಾಬ್ರೆ, ನಾನು ಸೋಮವಾರ ಬರ್ತೀನಿ, ನನ್ನ ಎದುರಿಗೇ ಮುರೀರಿ, ಮುರಿದ್ರೆ ತಪ್ಪು ನಂದು, ಮುರೀಲಿಲ್ಲಂದ್ರೆ ನಂದಲ್ಲ ಅಂತ ನಾಕು ಮಂದಿಗೆ ಹೇಳ್ರಿ, ಬ್ಯಾರೆ ಏನೂ ಬ್ಯಾಡ. ಬ್ಯಾರೆ ಏನೂ ಬೇಡವಂತೆ. ಈ ಮನುಷ್ಯನ ಕಿವಿಯನ್ನು ನಾನು ಬಲ್ಲೆ, ಸ್ಟೇಷನ್ನಿನ ಹಿಂದೆ ಅವನ ಗುಜರಿ, ಸರಳನ್ನು ಹಗ್ಗದಲ್ಲಿ ತೂಗುಹಾಕಿ ಸುತ್ತಿಗೆಯಿಂದ ಬಡಿದು ಕಣ್ಣು ಮುಚ್ಚಿ ಕೇಳುತ್ತಾನೆ, ರೈಲು ಬಂದರೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸುತ್ತಾನೆ, ಕೊನೆಯ ಡಬ್ಬಿಯ ಸದ್ದು ಹೊಳೆಯ ಸೇತುವೆಯ ಕಡೆ ಕರಗಿ ಹೋಗುವವರೆಗೆ ಕಾಯುತ್ತಾನೆ, ಆಮೇಲೆ ಮತ್ತೊಮ್ಮೆ ಬಡಿಯುತ್ತಾನೆ, ಹೂಂ ಅಂದರೆ ತಗೊಳ್ಳಬಹುದು, ಇಪ್ಪತ್ತೆಂಟು ವರ್ಷದಲ್ಲಿ ಅವನ ಹೂಂ ನನಗೆ ಒಮ್ಮೆಯೂ ಸುಳ್ಳಾಗಿಲ್ಲ.

ಮೊದಲು ಲಾರಿಯ ಕಮಾನು ಪಟ್ಟಿಯಿಂದ ಮಾಡಿದ ಚಾಕು, ತಾಳೆ ನೋಡಲು, ವೈಸಿನ ಬಾಯಿಗೆ ತುದಿ ಕಚ್ಚಿಸಿ, ಹಿಡಿಯ ಕಡೆಗೆ ಪೈಪು ತೂರಿಸಿ, ಮೇಲೆ ಒದ್ದೆ ಗೋಣಿ ಹೊದಿಸಿ ಜಗ್ಗುತ್ತೇನೆ, ಬಾಗುತ್ತದೆ, ಬಿಡುತ್ತೇನೆ, ಎದ್ದು ನಿಲ್ಲುತ್ತದೆ, ಕಮಾನು ಪಟ್ಟಿ ಯಾವತ್ತೂ ಹೀಗೇ, ದುಡಿಯುವ ಎತ್ತು, ಅಲಗು ಬೇಗ ಮೊಂಡಾಗುತ್ತದೆ, ಆದರೆ ಕೈ ಬಿಡುವುದಿಲ್ಲ. ಎರಡನೆಯದು ಬೇರಿಂಗಿನ ಬಳೆ ಕಡಿದು ನೇರ ಮಾಡಿ ಬಡಿದದ್ದು, ಇದು ಗಡಸು, ಕಡಿಮೆ ಬಾಗುತ್ತದೆ, ಇದೂ ಎದ್ದು ನಿಲ್ಲುತ್ತದೆ, ಸ್ವಲ್ಪ ಹಿಂದೆ ಸರೀರಿ ಹುಲಿಯಪ್ಪಣ್ಣ, ಕಣ್ಣಿಗೆ ಟವೆಲ್ ಅಡ್ಡ ಹಿಡ್ಕೊಳ್ರಿ, ಅನ್ನುತ್ತೇನೆ, ಅಷ್ಟು ಕಾಳಜಿ ನನಗೆ, ಈಗ. ಹೊಸ ಉಕ್ಕು ಬಂದರೆ ಎರಡು ಮಾಡು ಕುತುಬ್, ಒಂದನ್ನು ಮುರಿದು ನೋಡು, ಇನ್ನೊಂದನ್ನು ಕೊಡು, ಅಬ್ಬಾ ಸಾಯುವ ವರ್ಷದವರೆಗೂ ಇದೇ ಮಾತು, ಮುರಿಯದೆ ಕೊಟ್ಟ ಚಾಕು ಕೇಳದೆ ಕೊಟ್ಟ ಹೆಣ್ಣಿನ ಹಾಗೆ ಅನ್ನುತ್ತಿದ್ದರು, ಎಲ್ಲಿ ಹೋಗಿ ಏನಾಗುತ್ತದೋ ಗೊತ್ತಿಲ್ಲ. ಬಕ್ರೀದಿಗೆ ನಾನು ಒಂದೇ ಮಾಡಿದೆ. ಹೊತ್ತಿರಲಿಲ್ಲ. ಹೊತ್ತಿತ್ತು, ಮನಸ್ಸಿರಲಿಲ್ಲ, ಉಕ್ಕು ಹುಲಿಯಪ್ಪನದು, ಅವನು ಹೂಂ ಅಂದಮೇಲೆ ಮುರಿದು ನೋಡುವುದೇನು ಅಂದುಕೊಂಡೆ — ಅವನನ್ನು ಅಷ್ಟು ನಂಬಿದ್ದೆ, ನೋಡು.

ಇಜಾಜ ನಿನ್ನೆ ಚಹಾ ಬಗ್ಗಿಸಿದ, ಕಪ್ಪಿನ ಪಕ್ಕಕ್ಕೆ ಬಗ್ಗಿಸಿದ, ಒಂದೇ ಕಣ್ಣಿಗೆ ದೂರ ತಿಳಿಯುವುದಿಲ್ಲವಂತೆ, ಧಾರೆ ಚಾಪೆಯ ಮೇಲೆ ಬೀಳುತ್ತಿತ್ತು, ಆಮ್ನಾ ಕಪ್ಪನ್ನು ಧಾರೆಯ ಕೆಳಗೆ ಸರಿಸಿದಳು, ಅವನಿಗೆ ಗೊತ್ತಾಗಲಿಲ್ಲ, ನನಗೆ ಕೊಡುತ್ತಾ ನಕ್ಕ, ಕುಡಿ ಭಾಯ್, ಯಾಕ ಮುಖ ಹಂಗೆ ಮಾಡ್ಕೊಂಡು ಕೂತಿ, ನಿನ್ನ ಕೈ ತಪ್ಪಲ್ಲ, ನನ್ನ ಕಣ್ಣಿಗಿಂತ ಜಾಸ್ತಿ ನಿನ್ನ ಕೈ ನಂಬ್ತೀನಿ ನಾನು. ಒಂದು ಕಣ್ಣು ಉಳಿದವನು ಆಡುವ ಮಾತು. ಮೂಳೆ ಕಡಿಯುವ ಕತ್ತಿ ಇನ್ನು ಅವನು ಹಿಡಿಯುವ ಹಾಗಿಲ್ಲ, ತನ್ನ ಬೆರಳಿಗೇ ಹಾಕಿಕೊಳ್ಳುತ್ತಾನೆ, ಅಂಗಡಿಯಲ್ಲಿ ಬರೀ ತೂಕಕ್ಕೆ ಕೂರುತ್ತಾನೆ. ಮೊದಲು ಎಷ್ಟು ಕೀಟಲೆ ಮಾಡುತ್ತಿದ್ದ, ಭಾಯ್ ನಿನ್ನ ಚಾಕು ಬನ್ನಿನ ವಾಸನೆ ಹೊಡೀತೈತೆ, ಕುರಿ ಕೊಯ್ಯಲೋ ಚಹಾದಲ್ಲಿ ಅದ್ದಲೋ — ಬೇಡ, ಬೇಕರಿಯ ಕಡೆ ಹೋಗುವುದು ಬೇಡ, ಈಗ ಬೇಡ, ಹುಲಿಯಪ್ಪ ಕೂತಿದ್ದಾನೆ, ಕೆಲಸ ಮುಗಿಸು.

ಎಲ್ಲಿ ಬಿಡುತ್ತದೆ. ನಮ್ಮ ಚಾಕುವಿನ ಹದ ಬೇಕರಿಯ ಹದ, ಅಬ್ಬಾನ ಕಾಲದಿಂದ, ಕಾಯಿಸಿ ಎಣ್ಣೆಗೆ ಅದ್ದಿ ತೆಗೆದ ಚಾಕು ಗಾಜು, ಬಿದ್ದರೆ ಒಡೆಯುತ್ತದೆ, ಅದನ್ನು ಮರಳುಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ ಬಕ್ಕೇಶನ ಬೇಕರಿಗೆ ಒಯ್ಯಬೇಕು, ಸೌದೆ ಒಲೆಯಲ್ಲಿ ಟ್ರೇ ಮೇಲೆ ಇಟ್ಟು ಎರಡು ಸಲ ಬ್ರೆಡ್ ಬೇಯುವಷ್ಟು ಹೊತ್ತು ಬಿಡಬೇಕು, ತೆಗೆದಾಗ ಜೇನಿನ ಬಣ್ಣ ಬಂದಿದ್ದರೆ ಗಾಜು ಹೋಗಿ ಚಾಕು ಆಯಿತು ಅಂತ ಲೆಕ್ಕ, ಮೀಟರು ಗೀಟರು ಏನಿಲ್ಲ, ಬಣ್ಣವೇ ಸಾಕ್ಷಿ. ಬಕ್ರೀದಿನ ಹಿಂದಿನ ದಿನ ಬಕ್ಕೇಶ ಒಲೆಯ ಮುಂದೆ ನಿಂತು ಕೈ ಒರೆಸಿಕೊಳ್ಳುತ್ತಾ ಅಂದ, ಇವತ್ತು ಬ್ರೆಡ್ ಇಲ್ಲ ಭಾಯ್, ರಸ್ಕ್ ಅಷ್ಟೇ ಒಣಗಿಸ್ತಿದ್ದೀನಿ, ಕಾವು ಕಮ್ಮಿ ಐತೆ, ನಾಳೆ ಬರ್ರಿ. ನಾಳೆ ಹಬ್ಬ. ಇರ್ಲಿ ಇಡು ಅಂದೆ. ಎರಡು ಸಲದ ಹೊತ್ತು ಕಾದೆ, ಅವನು ಟ್ರೇ ಎಳೆದ, ರಸ್ಕುಗಳ ಸಾಲಿನ ನಡುವೆ ಚಾಕು, ಇಟ್ಟ ಹಾಗೇ ಇತ್ತು, ಬೆಳ್ಳಗೆ. ನಾನು ನೋಡಿದೆ. ನೋಡಲಿಲ್ಲ ಅಂತ ಐವತ್ತೆರಡು ದಿನದಿಂದ ನನಗೇ ಹೇಳಿಕೊಳ್ಳುತ್ತಿದ್ದೇನೆ, ನೋಡಿದೆ, ಅಲಗಿನ ಮೇಲೆ ರಸ್ಕಿನ ಪುಡಿ ಬಿದ್ದಿತ್ತು, ಊದಿದೆ, ಊದಿದವನಿಗೆ ಬಣ್ಣ ಕಾಣದೇ ಇರುತ್ತದೆಯೇ.

ಯಾಕ್ರಿ ನಿಂತ್ರಿ ಸಾಬ್ರೆ, ಅನ್ನುತ್ತಾನೆ ಹುಲಿಯಪ್ಪ, ನಂದು ಹಾಕ್ರಿ ಈಗ. ಹಾಕುತ್ತೇನೆ. ಬೆಂಚಿನ ಕೆಳಗಿನ ಡಬ್ಬಿಯಲ್ಲಿ ಅವನ ಸರಳಿನಿಂದ ಮಾಡಿದ್ದು ಎರಡಿವೆ, ಅವನು ಒಂದೇ ಅಂದುಕೊಂಡಿದ್ದಾನೆ, ಹಿಡಿಯ ಕಡೆ ಅರದಿಂದ ಗೀರಿದ್ದು ಮೊನ್ನೆ ಬಕ್ಕೇಶನಲ್ಲಿ ಬ್ರೆಡ್ಡಿನ ಕಾವಿಗೆ ಇಟ್ಟು ಜೇನಿನ ಬಣ್ಣ ಬರಿಸಿದ್ದು, ನಿನ್ನೆ ಬಾಗಿಲು ಹಾಕಿಕೊಂಡು ಜಗ್ಗಿದೆ, ಹತ್ತು ಸಲ ಜಗ್ಗಿದೆ, ಮುರಿ, ಮುರಿಯೇ, ನಿನ್ನ ಕಾಲಿಗೆ ಬೀಳುತ್ತೇನೆ ಮುರಿ ಅಂದೆ, ಹತ್ತು ಸಲವೂ ಎದ್ದು ನಿಂತಿತು. ಗೀರಿಲ್ಲದ್ದನ್ನು ಆಮೇಲೆ ಮಾಡಿದೆ, ಎಣ್ಣೆಗೆ ಅದ್ದಿ ತೆಗೆದೆ, ಬೇಕರಿಗೆ ಒಯ್ಯಲಿಲ್ಲ. ಯಾಕೆ ಮಾಡಿದೆ ಎಂದು ನನ್ನನ್ನು ನಾನು ಕೇಳಲಿಲ್ಲ. ಜೇನಿನ ಬಣ್ಣ ಹೋಗುವ ಹಾಗೆ ಎರಡನ್ನೂ ಸಾಣೆಗೆ ಕೊಟ್ಟು ಬೆಳಗಿದ್ದೇನೆ, ಪಕ್ಕಪಕ್ಕ ಇಟ್ಟರೆ ಒಂದೇ ತಾಯಿಯ ಮಕ್ಕಳು. ಕೈ ಡಬ್ಬಿಯೊಳಗೆ ಹೋಗುತ್ತದೆ, ಹೆಬ್ಬೆರಳು ಗೀರು ಹುಡುಕುತ್ತದೆ, ಸಿಕ್ಕಿತು, ಇದನ್ನೇ ತೆಗೆ ಕುತುಬ್, ತೆಗೆದು ಹೇಳಿಬಿಡು, ಅಲ್ಲಾಹ್ ನೋಡುತ್ತಿದ್ದಾನೆ, ಇಜಾಜನೂ ನಿನ್ನ ಕೈ ನಂಬಿದ್ದಾನೆ, ಅಲ್ಲೇ ಇರುವುದು ತೊಡಕು, ನಂಬಿದ್ದಾನೆ — ಬೆರಳು ಪಕ್ಕಕ್ಕೆ ಸರಿಯುತ್ತದೆ, ನುಣ್ಣಗಿದೆ, ಗೀರಿಲ್ಲ. ವೈಸಿಗೆ ಕಚ್ಚಿಸಿದೆ. ಗೋಣಿ ಹೊದಿಸಿದೆ. ಜೋರಾಗಿ ಜಗ್ಗುವ ಅಗತ್ಯವೂ ಬೀಳಲಿಲ್ಲ, ಟಣ್ ಅಂತು.

ಹುಲಿಯಪ್ಪ ಟವೆಲ್ ಇಳಿಸಿ ಎದ್ದು ಬಂದ, ಗೋಣಿ ಸರಿಸಿ ತುಂಡನ್ನು ಎತ್ತಿ ಮುರಿದ ಮುಖವನ್ನು ಬೆಳಕಿಗೆ ಹಿಡಿದ, ಬಹಳ ಹೊತ್ತು ಹಿಡಿದ, ಕಣ ನುಣ್ಣಗೈತಲ್ಲ ಸಾಬ್ರೆ, ಖೋಟಾ ಕಬ್ಬಿಣ ಮುರಿದ್ರೆ ಸಕ್ಕರೆ ಸುರಿದಂಗೆ ಕಾಣಬೇಕು, ಇದು ರೇಷ್ಮೆ ಇದ್ದಂಗೈತೆ, ಹದ ಸರಿಯಾಗಿ ಹಾಕಿದ್ರಲ್ಲ? ಕೇಳಿಯೇಬಿಟ್ಟ. ಇಲ್ಲ ಅನ್ನುವುದಕ್ಕೆ ಎರಡೇ ಅಕ್ಷರ ಸಾಕು. ಇಪ್ಪತ್ತೆಂಟು ವರ್ಷದಿಂದ ಹಾಕ್ತಿದ್ದೀನಿ ಹುಲಿಯಪ್ಪಣ್ಣ, ಅಂದೆ, ನನ್ನ ದನಿ ನನಗೇ ಸಿಟ್ಟಿನಿಂದ ಕೇಳಿಸಿತು, ಅವನ ಮುಖ ಇಳಿಯಿತು, ನಿಮ್ಮ ಕೈ ಮ್ಯಾಲೆ ಅನುಮಾನ ಇಲ್ರಿ, ಕೇಳಿದೆ ಅಷ್ಟೇ, ಸಿಟ್ಟಾಗಬ್ಯಾಡ್ರಿ, ಅಂದ, ಕ್ಷಮೆ ಕೇಳಿದ, ನನ್ನನ್ನು. ನನ್ನ ಕಿವಿಗೆ ವಯಸ್ಸಾತು ಸಾಬ್ರೆ, ದನಿ ತಿಳೀಲಿಲ್ಲ ನಂಗೆ, ಇನ್ನು ಮ್ಯಾಲೆ ಚಾಕಿಗೆ ಅಂತ ಯಾರಿಗೂ ಕಬ್ಬಿಣ ಕೊಡಲ್ಲ, ಒಬ್ಬರ ಕಣ್ಣು ತಿಂದೆ, ಸಾಕು. ತುಂಡನ್ನು ಟವೆಲಿನಲ್ಲಿ ಸುತ್ತಿದ, ಬಾಳೆಹಣ್ಣಿನ ಚೀಲಕ್ಕೆ ಹಾಕಿಕೊಂಡ, ಇಜಾಜಣ್ಣಾರ ಮನಿ ಮೊದಲಿನ ಗಲ್ಲಿನಾಗೇ ಅಲ್ಲೇನ್ರಿ, ಇದನ್ನ ತೋರಿಸಿ ನಾನೇ ಹೇಳ್ತೀನಿ, ಕಾಲು ಹಿಡೀತೀನಿ, ನೀವು ಬರಬ್ಯಾಡ್ರಿ, ನಿಮಗೂ ಸಂಕಟ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಒಮ್ಮೆ ತಿರುಗಿದ, ನಾನು ಕರೆಯುತ್ತೇನೆಂದು ಕಾದನೋ ಏನೋ, ಅಥವಾ ಚಪ್ಪಲಿ ಸಿಗಲಿಲ್ಲವೋ.

ಆಟೊ ಹತ್ತಲಿಲ್ಲ, ನಡೆದೇ ಹೊರಟಿದ್ದಾನೆ, ಗಲ್ಲಿಯ ತುದಿಯವರೆಗೆ ಇನ್ನೂ ಕಾಣುತ್ತಾನೆ, ಈಗಲೂ ಕೂಗಬಹುದು, ಹುಲಿಯಪ್ಪಣ್ಣ ಬರ್ರಿ ಇಲ್ಲಿ ಅಂದರೆ ಸಾಕು, ಕಿವಿಗೆ ವಯಸ್ಸಾಗಿಲ್ಲ ಅವನಿಗೆ, ಕೇಳಿಸುತ್ತದೆ, ಇಜಾಜ ಅವನನ್ನು ಕೂರಿಸುತ್ತಾನೆ, ಬೈಯುವ ಹುಡುಗನಲ್ಲ ಅವನು, ಚಹಾ ಬಗ್ಗಿಸುತ್ತಾನೆ, ಆಮ್ನಾ ಕಪ್ಪು ಸರಿಸುತ್ತಾಳೆ, ಅದನ್ನು ಹುಲಿಯಪ್ಪ ನೋಡುತ್ತಾನೆ, ನೋಡಿ ತನ್ನ ಮೇಲೆ ಹಾಕಿಕೊಳ್ಳುತ್ತಾನೆ, ಮನೆಗೆ ಒಯ್ಯುತ್ತಾನೆ, ಸಾಯುವವರೆಗೆ ಇಟ್ಟುಕೊಳ್ಳುತ್ತಾನೆ. ಬೀದಿ ತಿರುಗಿದ. ಹೋಯಿತು. ಒಳ್ಳೆಯದಾಯಿತು ಅನ್ನಬೇಕು ನಾನು, ನನ್ನ ಹೆಸರು ಉಳಿಯಿತು, ಅಬ್ಬಾನ ಹೆಸರೂ. ಗೀರಿದ್ದನ್ನು ವೈಸಿಗೆ ಕಚ್ಚಿಸಿದ್ದೇನೆ, ಯಾವಾಗ ಕಚ್ಚಿಸಿದೆನೋ, ಜಗ್ಗುತ್ತೇನೆ, ಬಾಗುತ್ತದೆ, ಬಿಡುತ್ತೇನೆ, ಎದ್ದು ನಿಲ್ಲುತ್ತದೆ, ಜಗ್ಗುತ್ತೇನೆ, ಎದ್ದು ನಿಲ್ಲುತ್ತದೆ, ಗೋಣಿ ಹೊದಿಸಿಲ್ಲ, ಮುಖ ಹತ್ತಿರ ತಂದಿದ್ದೇನೆ, ಮುರಿಯಲಿ, ಈಗಲಾದರೂ, ನನ್ನ ಕಡೆಗೇ ಹಾರಲಿ, ಎದ್ದು ನಿಲ್ಲುತ್ತದೆ, ಬಕ್ಕೇಶ ಟ್ರೇ ಎಳೆಯುತ್ತಾನೆ, ನಾಳೆ ಬರ್ರಿ ಭಾಯ್, ರಸ್ಕುಗಳ ಸಾಲಿನ ನಡುವೆ ಚಾಕು, ಪುಡಿ ಬಿದ್ದಿದೆ, ಊದುತ್ತೇನೆ, ಬೆಳ್ಳಗಿದೆ, ಊದುತ್ತೇನೆ, ಬೆಳ್ಳಗೆ