ಬಿಲ್ಲೆ ಹಿಡಿದವಳು

"ಎಷ್ಟ್ ಸಲ ಹೇಳಬೇಕಬೇ ಮುದುಕಿ? ಬಾಯಾಗ ಶೆಗಣಿ ತುಂಬ್ಯಾರೇನು?" ಮ್ಯಾನೇಜರ್ ಪಂಪಾಪತಿ ರೇಗಿದ. "'ಡಾಕ್ಟರ್ ಸಾಹೇಬ್ರು ನಮ್ಮ ಕೇರಿ ಮಂದೀನ ಕೈಯಾರೆ ಮುಟ್ಟಿ ನೋಡಿದ್ರು.' ಇಷ್ಟ. ಅನ್ನು."

ಕ್ಯಾಮೆರಾದ ಬೆಳಕು ಹುಲಗೆಮ್ಮನ ಕಣ್ಣಿಗೆ ಚುಚ್ಚುತ್ತಿತ್ತು. ಆಸ್ಪತ್ರೆಯ ಬೆಳ್ಳಿಹಬ್ಬದ ವಿಡಿಯೊ. ಆಯಾ ಕೆಲಸದ ಸೀರೆ ಬಿಚ್ಚಿಸಿ ಹೊಸ ಇಳಕಲ್ ಉಡಿಸಿದ್ದರು.

ವಿರೂಪಣ್ಣ ಡಾಕ್ಟರು ಪೋತ್ನಾಳದಲ್ಲಿ ಅಪ್ಪನ ಅಕ್ಕಿ ಗಿರಣಿಯ ಪಕ್ಕದ ಕೋಣೆಯಲ್ಲಿ ದವಾಖಾನೆ ತೆರೆದಾಗಿನಿಂದ ಅವಳು ಅವರಲ್ಲಿ ದುಡಿಯುತ್ತಿದ್ದಳು. ಆಮೇಲೆ ಮಾನ್ವಿಯಲ್ಲಿ ನರ್ಸಿಂಗ್ ಹೋಮ್, ದೇವದುರ್ಗದಲ್ಲಿ ಸ್ಕ್ಯಾನಿಂಗ್ ಸೆಂಟರ್, ರಾಯಚೂರಿನಲ್ಲಿ ಈ ಐದಂತಸ್ತು. ಡಾಕ್ಟರು ಈಗ ರೋಗಿಗಳನ್ನು ನೋಡುವುದಿಲ್ಲ, ಮೀಟಿಂಗು ನೋಡುತ್ತಾರೆ. ಆಸ್ಪತ್ರೆ ಬೆಳೆದಂತೆ ಹುಲಗೆಮ್ಮ ಒರೆಸುವ ನೆಲ ಬೆಳೆಯಿತು.

ಮಗಳು ರಾಧಾ ಮೂರನೇ ಮಹಡಿಯಲ್ಲಿ ನರ್ಸು, ಆರು ವರ್ಷದಿಂದ ಟೆಂಪರರಿ. ಹೇಳಿಕೊಟ್ಟಿದ್ದನ್ನು ಅವ್ವ ಕ್ಯಾಮೆರಾ ಮುಂದೆ ಹೇಳಿದರೆ ಪರ್ಮನೆಂಟ್ ಎಂದಿದ್ದರು.

ಡಾಕ್ಟರು ಬಂದು ಪಕ್ಕದಲ್ಲಿ ನಿಂತು ಅವಳ ಹೆಗಲ ಮೇಲೆ ಕೈಯಿಟ್ಟರು. ಇಷ್ಟು ವರ್ಷದಲ್ಲಿ ಇದೇ ಮೊದಲು. ಹೆಗಲಿಗೆ ಏನೂ ಅನಿಸಲಿಲ್ಲ.

"ಹೆದರಬ್ಯಾಡ ಹುಲಗೆವ್ವಾ. ಹಳೇದು ನೆನಸ್ಕೊಂಡು ಹೇಳು."

ಅವಳು ನೆನಸಿಕೊಂಡು ಹೇಳಿದಳು.

"ನಮ್ಮ ಮಂದಿ ಹೊಸ್ತಿಲ ಹೊರಗ ಕುಂದರ್ತಿದ್ರು. ಸಾಹೇಬ್ರು ಒಳಗ ಕುರ್ಚಿ ಮ್ಯಾಲ. ಸ್ಟೆತಾಸ್ಕೋಪ್ ಕಿವ್ಯಾಗ ಅವರು ಇಟ್ಕೊಂತಿದ್ರು, ಈ ಕಡಿ ಬಿಲ್ಲಿ ನಾ ಹಿಡದು ಮಂದಿ ಎದಿಗೆ ಒತ್ತತಿದ್ದೆ. 'ಮ್ಯಾಲ ಸರಿಸು, ಕೆಳಗ ಸರಿಸು' ಅಂತಿದ್ರು. ಮುಟ್ಟಿದಾಕಿ ನಾ. ಸಂಜಿಕ ಬಿಲ್ಲಿ ಸ್ಪಿರಿಟಿನ್ಯಾಗ ತೊಳಸ್ತಿದ್ರು. ನನ್ನ ಗಂಡ ಮಾರೆಪ್ಪನ ಎದಿ ನಿಂತದ್ದು ಮೊದಲ ಈ ಕೈಗೇ ಗೊತ್ತಾತು."

ಡಾಕ್ಟರು ಕೈ ತೆಗೆದರು.

"ಮುಖ ಛಲೋ ಬಂದದ. ದನಿ ತಗದು ಮ್ಯೂಜಿಕ್ ಹಾಕ್ರಿ" ಎಂದು ಲಿಫ್ಟಿನ ಕಡೆ ನಡೆದರು.

ಸೋಮವಾರ ಡ್ಯೂಟಿ ಪಟ್ಟಿಯಲ್ಲಿ ರಾಧಾಳ ಹೆಸರಿರಲಿಲ್ಲ.

"ಒಂದ್ ಸುಳ್ಳ ಹೇಳಿದ್ರ ಏನ್ ಹೋಗ್ತಿತ್ತಬೇ ನಿಂದು?" ಎಂದಳು ಮಗಳು. ಹುಲಗೆಮ್ಮ ಬಕೆಟ್ ಎತ್ತಿಕೊಂಡು ಕೆಲಸಕ್ಕೆ ಹೋದಳು.

ಓಪಿಡಿಯ ಟೀವಿಯಲ್ಲಿ ಅವಳ ಮುಖ ಬಂತು. ತುಟಿಗಳು ಅಲುಗುತ್ತಿದ್ದವು, ಕೊಳಲು ಕೇಳುತ್ತಿತ್ತು. ಕೆಳಗೆ ದೊಡ್ಡ ಅಕ್ಷರ: 'ಬಡವರನ್ನು ಮುಟ್ಟಿದ ಕೈ.' ಮಸರಕಲ್ಲಿನಿಂದ ಬಂದು ಚೀಟಿ ಹಿಡಿದು ಕೂತಿದ್ದ ಸುಗ್ರಾ ಬೇಗಂ ಕೇಳಿದಳು: "ಯವ್ವಾ, ಅದು ನೀನಽ ಅಲ್ಲೇನು? ಏನ್ ಹೇಳಾಕತ್ತಿ?"

ಹುಲಗೆಮ್ಮ ಒರೆಸುವ ಕೋಲು ಗೋಡೆಗೆ ಆನಿಸಿದಳು. ಟೀವಿಯ ಕೆಳಗೆ ನಿಂತು, ಮೇಲೆ ತುಟಿ ಅಲುಗುವಷ್ಟು ಹೊತ್ತೂ ಅವತ್ತು ಹೇಳಿದ್ದನ್ನೇ ಗಟ್ಟಿಯಾಗಿ ಹೇಳಿದಳು. ಕೊಳಲು ನಿಂತಾಗ ಮುಗಿಸಿದಳು. ವಿಡಿಯೊ ಮತ್ತೆ ಬರಲು ಹತ್ತು ನಿಮಿಷ. ಅಷ್ಟರಲ್ಲಿ ಒಂದು ಸಾಲು ಒರೆಸಿ ಬಂದು ಮತ್ತೆ ನಿಂತಳು.

ಮೂರನೇ ಸಲಕ್ಕೆ ಸೆಕ್ಯುರಿಟಿಯವನು ರಟ್ಟೆ ಹಿಡಿದು ಎಳೆದ. ಅವಳು ಹೇಳುತ್ತಲೇ ಇದ್ದಳು.