ದೂರು ಕೇಳುವ ಟೀಚರ್

ಆ ಶಾಲೆಯಲ್ಲಿ ಮಕ್ಕಳ ದೂರು ಕೇಳುವ ಕೆಲಸ ಚಿತ್ರಕಲೆಯ ಟೀಚರಿಗೆ ಗಂಟುಬಿದ್ದಿತ್ತು. ಗಣಿತ, ವಿಜ್ಞಾನದವರಿಗೆ ಪುರುಸೊತ್ತಿಲ್ಲ, ಚಿತ್ರ ಬಿಡಿಸುವವಳಿಗೇನು ಕೆಲಸ ಎಂಬ ಲೆಕ್ಕ. ಆಕೆ ಮಾತ್ರ ಅದನ್ನು ಮನಸ್ಸಿಟ್ಟು ಮಾಡುತ್ತಿದ್ದಳು. ಬೆಳಗ್ಗೆ ಮಕ್ಕಳೆಲ್ಲ ಸಾಲಾಗಿ ನಿಂತಾಗ ಮೈಕು ಹಿಡಿದು, ಕಾಟ ಕೊಡುವವರು ಯಾರ ಮಕ್ಕಳಾದರೂ ಸರಿ, ಹೆದರದೆ ಬಂದು ಹೇಳಿ, ನಾನು ಬಿಡುವುದಿಲ್ಲ ಎನ್ನುತ್ತಿದ್ದಳು. ಹೇಳುವುದಕ್ಕೇನು, ಎಲುಬಿಲ್ಲದ ನಾಲಿಗೆ.

ಆ ಮಾತು ನಂಬಿ ಬಂದವಳು ಆರನೇ ತರಗತಿಯ ಹುಡುಗಿ. ಶಾಲೆಗೆ ಹೊಸಬಳು, ಮಾತು ಉಗ್ಗುತ್ತಿತ್ತು. ಬಣ್ಣದ ತಟ್ಟೆ ತೊಳೆಯುತ್ತಿದ್ದ ಟೀಚರ ಎದುರು ನಿಂತು ನಡೆದದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಊಟದ ಬಿಡುವೆಲ್ಲ ಕಳೆದುಹೋಯಿತು. ದೊಡ್ಡ ತರಗತಿಯ ಹುಡುಗಿಯರ ಗುಂಪೊಂದು ದಿನಾ ಅವಳಿಂದ ಅವಳ ಹೆಸರನ್ನೇ ಹೇಳಿಸುತ್ತಿತ್ತು, ತಡವರಿಸಿದಾಗೆಲ್ಲ ಚಪ್ಪಾಳೆ ತಟ್ಟುತ್ತಿತ್ತು. ನಿನ್ನೆ ಮೈದಾನದ ಪಕ್ಕದ ಶೌಚಾಲಯದೊಳಕ್ಕೆ ದೂಡಿ ಹೊರಗಿನಿಂದ ಚಿಲಕ ಹಾಕಿದ್ದರು. ಶಾಲೆ ಬಿಟ್ಟು, ಕಸ ಗುಡಿಸುವಾಕೆ ಬರುವ ತನಕ ಅವಳು ಒಳಗೇ ಇದ್ದಳು.

"ಯಾರಮ್ಮ ಅವರು? ಹೆದರಬೇಡ, ಹೇಳು."

"ಹೆ... ಹೆಸರು ಗೊತ್ತಿಲ್ಲ ಟೀಚರ್. ಎಲ್ಲರೂ ಕ್ಯಾಪ್ಟನ್ ಅಂತಾರೆ."

ಟೀಚರ್ ನಲ್ಲಿ ನಿಲ್ಲಿಸಿದಳು. ಆ ಶಾಲೆಗೆ ಕ್ಯಾಪ್ಟನ್ ಎಂದರೆ ಒಬ್ಬಳೇ. ಥ್ರೋಬಾಲ್ ತಂಡದ ನಾಯಕಿ, ಒಂಬತ್ತನೇ ತರಗತಿ, ಟೀಚರ ಒಬ್ಬಳೇ ಮಗಳು. ನಾನು ನೋಡಿಕೊಳ್ಳುತ್ತೇನೆ ಎಂದು ಹುಡುಗಿಯ ತಲೆ ಸವರಿ ಕಳಿಸಿದಳು. ಹೋಗುವಾಗ ಹುಡುಗಿಯ ಮುಖ ಹಗುರಾಗಿತ್ತು. ಅದನ್ನು ನೋಡಿ ಟೀಚರಿಗೆ ಭಯವಾಯಿತು.

ಹೆತ್ತವರಿಗೆ ಹೆಗ್ಗಣ ಮುದ್ದು. ಟೀಚರೂ ಮೊದಲು ಹುಡುಕಿದ್ದು ಹುಡುಗಿಯ ಮಾತಿನಲ್ಲಿ ಸುಳ್ಳನ್ನೇ. ಶೌಚಾಲಯಕ್ಕೆ ಹೋಗಿ ನೋಡಿದಳು. ಬಾಗಿಲಿಗೆ ಚಿಲಕವಿದ್ದದ್ದು ಹೊರಗಡೆ ಮಾತ್ರ. ಒಳಗಿನದು ಯಾವಾಗಲೋ ಕಿತ್ತುಹೋಗಿ ಮೊಳೆಯ ತೂತುಗಳಷ್ಟೇ ಉಳಿದಿದ್ದವು. ಅದರ ಕೆಳಗೆ, ಚಿಕ್ಕ ಮಕ್ಕಳ ಕೈ ಎಟುಕುವಲ್ಲಿ, ಬಾಗಿಲ ಹಸಿರು ಬಣ್ಣವನ್ನು ಯಾರೋ ಉಗುರಿನಿಂದ ಕೆರೆದಿದ್ದರು. ಸುಳ್ಳಿಗೆ ಅಲ್ಲಿ ಜಾಗವೇ ಇರಲಿಲ್ಲ.

ಸಂಜೆ ಮನೆಯಲ್ಲಿ ಕೇಳಿದಾಗ ಮಗಳು ಬೂಟಿನ ಲೇಸು ಬಿಚ್ಚುತ್ತಾ, ಸುಮ್ಮನೆ ತಮಾಷೆಗೆ ಮಾಡಿದ್ದು, ಆಮೇಲೆ ಮರೆತೇಹೋಯಿತು ಎಂದಳು. ತಾಯಿ ನಗದಿದ್ದುದನ್ನು ಕಂಡು ಅವಳ ದನಿ ಇಳಿಯಿತು.

"ಅಮ್ಮಾ, ದೂರು ಹೋದ್ರೆ ನನ್ನನ್ನ ಟೀಮಿಂದ ತೆಗೀತಾರೆ. ಆ ರೂಲ್ಸ್ ಮಾಡಿದ್ದೇ ನೀನು."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಿತ್ತು. ಮಗಳು ಉಣ್ಣದೆ ಮಲಗಿದಳು. ತಾಯಿ ಅನ್ನದ ಪಾತ್ರೆ ಮುಚ್ಚಿಟ್ಟಳು.

ಆದರೂ ಮರುದಿನ ಆಕೆ ಮುಖ್ಯೋಪಾಧ್ಯಾಯಿನಿ ದೊಡ್ಡ ಮೇಡಂ ಅವರ ಕೋಣೆಗೆ ಹೋಗಿ ವಿಷಯ ತಿಳಿಸಿದಳು, ಅಷ್ಟು ಪುಣ್ಯ ಆಕೆಗಿರಲಿ. ದೊಡ್ಡ ಮೇಡಂ ಒಳ್ಳೆಯ ಹೆಂಗಸು, ಕೆಟ್ಟದ್ದಾದದ್ದು ಆ ಒಳ್ಳೆಯತನದಿಂದಲೇ. ಟೀಚರಿಗೆ ಚಹಾ ತರಿಸಿದರು. ನಿಮ್ಮ ಮಗಳೆಂದರೆ ನಮ್ಮ ಮಗಳಿದ್ದ ಹಾಗೆ, ಗಂಡ ಹೆಂಡಿರ ಜಗಳದಂತೆ ಮಕ್ಕಳ ಜಗಳವೂ ಉಂಡು ಮಲಗುವ ತನಕ, ಇಬ್ಬರನ್ನೂ ಕರೆದು ಕೈ ಕುಲುಕಿಸಿದರೆ ಆಯಿತು ಎಂದರು. ಇದು ಜಗಳವಲ್ಲ ಮೇಡಂ ಎಂದು ಟೀಚರ್ ಹೇಳಬೇಕಿತ್ತು. ಹೇಳಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಹಾಗಾದದ್ದಕ್ಕೆ ತನ್ನ ಮೇಲೇ ಅಸಹ್ಯವೂ ಆಯಿತು.

ಕರೆಸಿದಾಗ ಹುಡುಗಿ ನೇರ ಬಂದು ಟೀಚರ ಪಕ್ಕದಲ್ಲೇ ನಿಂತಳು. ಅವಳ ಪಾಲಿಗೆ ಆ ಕೋಣೆಯಲ್ಲಿ ತನ್ನವರೆಂದರೆ ಟೀಚರೊಬ್ಬಳೇ. ಆಮೇಲೆ ಕ್ಯಾಪ್ಟನ್ ಒಳಗೆ ಬಂದಳು. ದೊಡ್ಡ ಮೇಡಂ ಅವರ ಮುಖ ನೋಡಿ ಅವಳ ಧೈರ್ಯವೆಲ್ಲ ಉಡುಗಿಹೋಯಿತು.

"ಅಮ್ಮಾ, ನೀನಾದ್ರೂ ಹೇಳಮ್ಮಾ."

ಹುಡುಗಿ ಕ್ಯಾಪ್ಟನ್ ಮುಖ ನೋಡಿದಳು, ಟೀಚರ ಮುಖ ನೋಡಿದಳು. ಆಮೇಲೆ ಟೀಚರಿಂದ ಸ್ವಲ್ಪ ದೂರ ಸರಿದು ನಿಂತಳು. ಬಾಗಿಲು ಹಾಕಿದ್ದು ಯಾರು ಎಂದು ದೊಡ್ಡ ಮೇಡಂ ಕೇಳಿದರು.

"ಯಾ... ಯಾರೂ ಅಲ್ಲ ಮೇಡಂ. ನಾನೇ ಒಳಗಿಂದ ಚಿಲಕ ಹಾಕ್ಕೊಂಡೆ. ತೆಗೆಯೋಕೆ ಬರಲಿಲ್ಲ."

ದೊಡ್ಡ ಮೇಡಂ ಸಮಾಧಾನದಿಂದ ಟೀಚರ ಕಡೆ ನೋಡಿದರು. ಆ ಬಾಗಿಲಿಗೆ ಒಳಚಿಲಕವೇ ಇಲ್ಲ ಎಂಬ ಒಂದು ಮಾತು ಸಾಕಿತ್ತು. ಟೀಚರ್ ಬಾಯಿ ತೆರೆದಳು. ಎದುರಿಗೆ ಮಗಳ ಕಣ್ಣು ತುಂಬಿತ್ತು. ತೆರೆದ ಬಾಯಿ ಹಾಗೇ ಮುಚ್ಚಿತು. ಮಕ್ಕಳಿಬ್ಬರೂ ಕೈ ಕುಲುಕಿದರು.

ಹೊರಗೆ ಮೆಟ್ಟಿಲ ಬಳಿ ಹುಡುಗಿ ಕಾಯುತ್ತಿದ್ದಳು. ಬೈಯುತ್ತಾಳೇನೋ, ಅಳುತ್ತಾಳೇನೋ ಎಂದುಕೊಂಡು ಟೀಚರ್ ಹತ್ತಿರ ಹೋದಳು.

"ನಿಮ್ಮ ಮಗಳು ಅಂತ ಗೊ... ಗೊತ್ತಿರಲಿಲ್ಲ ಟೀಚರ್. ಗೊತ್ತಿದ್ದಿದ್ರೆ ಹೇಳ್ತಾನೇ ಇರಲಿಲ್ಲ. ತಪ್ಪಾಯ್ತು."

ಆ ದನಿಯಲ್ಲಿ ಕೊಂಕಿರಲಿಲ್ಲ. ಟೀಚರಿಗೆ ನೋವಾಯಿತಲ್ಲ ಎಂದು ಮಗು ನಿಜವಾಗಿಯೂ ಕ್ಷಮೆ ಕೇಳುತ್ತಿತ್ತು. ದೊಡ್ಡ ಮೇಡಂ ಅವರ ಕೋಣೆಯ ಬಾಗಿಲು ಇನ್ನೂ ತೆರೆದೇ ಇತ್ತು. ಟೀಚರಿಗೆ ಅದು ಕಾಣುತ್ತಿತ್ತು.

"ಪರವಾಗಿಲ್ಲಮ್ಮ," ಎಂದಳು. "ಕ್ಲಾಸಿಗೆ ಹೋಗು."