ಇಪ್ಪತ್ತು ಎಣಿಸುವ ತನಕ

ನಿಮ್ಮ ಕಾರಿನ ಚಕ್ರಗಳು ಇಪ್ಪತ್ತೇ ಸೆಕೆಂಡಿನಲ್ಲಿ ಫಳಫಳ ಹೊಳೆದಾಗ, ಆ ಇಪ್ಪತ್ತನ್ನು ಎಣಿಸಿದವನ ಮುಖವನ್ನು ಒಮ್ಮೆಯಾದರೂ ನೋಡಿದ್ದೀರಾ?

“ಇಳಿಸಿ! ಅಪ್ಪನ್ನ ಕೆಳಗಿಳಿಸಿ!”

ಹೆಣ ಹೊತ್ತ ನಾಲ್ವರು ಹೊಸ್ತಿಲಲ್ಲೇ ನಿಂತರು. ಮಗಳು ಬಾಗಿಲಿಗೆ ಅಡ್ಡವಾಗಿ ಕೈ ಚಾಚಿದ್ದಳು. ಒಂದು ಕೈಯಲ್ಲಿ ಬಿಳಿ ಹಾಳೆಯಿತ್ತು. ವಿದ್ಯುತ್ ಚಿತಾಗಾರದಲ್ಲಿ ಹನ್ನೊಂದು ಗಂಟೆಗೆ ಸಮಯ ನಿಗದಿಯಾಗಿತ್ತು. ಕಾರು ತೊಳೆಯುವ ಅಂಗಡಿಯ ಯಜಮಾನ ತಾನೇ ವ್ಯಾನು ತರಿಸಿದ್ದ.

“ನಿನ್ನ ಸಂಕಟ ಅರ್ಥ ಆಗುತ್ತಮ್ಮ,” ಎಂದ ಅವನು. “ಡಾಕ್ಟರೇ ಹೃದಯಾಘಾತ ಅಂತ ಬರೆದಿದಾರಲ್ಲ.”

“ಎದೆ ನಿಂತಿದ್ದನ್ನ ಬರೆದ್ರು. ಯಾಕೆ ನಿಂತಿತು ಅಂತ ಯಾರು ಬರೀತಾರೆ?”

ತಲೆಯ ಕಡೆ ಹೆಗಲು ಕೊಟ್ಟಿದ್ದವನತ್ತ ಅವಳು ತಿರುಗಿದಳು. ತಂದೆಯ ಜೊತೆ ಹದಿನಾಲ್ಕು ವರ್ಷ ದುಡಿದಿದ್ದ ಅವನನ್ನು ಎಲ್ಲರೂ ಪಾಲಿಶ್ ಎಂದೇ ಕರೆಯುತ್ತಿದ್ದರು.

“ಪಾಲಿಶ್ ಮಾಮ, ಆರೋಗ್ಯ ಇಲಾಖೆಗೆ ಫೋನ್ ಮಾಡಿದ್ದೆ. ಅಂಗಡೀಲಿರೋ ಆ ಕೆಮಿಕಲ್ ಕ್ಯಾನಿನ ವಿಷಯ ಕಣ್ಣಾರೆ ಕಂಡವ್ರು ಒಬ್ರು ಬರೆದುಕೊಟ್ರೆ ದೇಹ ಪರೀಕ್ಷೆ ಮಾಡಿಸ್ತಾರಂತೆ, ಅಂಗಡೀನೂ ತಪಾಸಣೆ ಮಾಡ್ತಾರಂತೆ. ಸುಟ್ಟ ಮೇಲೆ ಪರೀಕ್ಷೆಗೆ ಏನು ಉಳಿಯುತ್ತೆ?”

ಪಾಲಿಶ್ ಯಜಮಾನನ ಮುಖ ನೋಡಿದ.

*

ಸತ್ತವರಿಗೆ ಅಂಗಡಿಯಲ್ಲಿ ‘ಮೇಷ್ಟ್ರು’ ಎಂದು ಅಡ್ಡಹೆಸರು. ಓಡಿ ಬಂದ ಬಿಸಿ ಚಕ್ರಕ್ಕೆ ಅವರು ಯಾರಿಗೂ ನೀರು ಸುರಿಯಗೊಡುತ್ತಿರಲಿಲ್ಲ. ಕಾರನ್ನು ನೆರಳಿಗೆ ತಂದು, ಆರುವ ತನಕ ಕಾಯುವರು. ಮೊದಲು ಬರೀ ನೀರಿನಿಂದ ಮರಳು ಇಳಿಸಿ, ಆಮೇಲೆ ತೆಳು ಸೋಪುನೀರು, ಮೆತ್ತನೆಯ ಬ್ರಷ್ಷು. ಚಕ್ರಕ್ಕೊಂದು ಬಕೆಟ್ಟು, ಕಾರಿನ ಮೈಗೊಂದು.

“ಚಕ್ರದ ಬಟ್ಟೇನ ಬಾಗಿಲಿಗೆ ಮುಟ್ಟಿಸಿದ್ಯೋ, ಅದರಲ್ಲೇ ನಿನ್ನ ಮೂತಿ ಒರೆಸ್ತೀನಿ!” ಎಂದು ಪಾಲಿಶನನ್ನು ಗದರುವರು.

ಒಂದು ಕಾರಿಗೆ ಮುಕ್ಕಾಲು ಗಂಟೆ. ಗಾಜಿನ ಕೋಣೆಯಲ್ಲಿ ಕುಳಿತ ಗಿರಾಕಿಗಳಿಗೆ ಅಷ್ಟು ತಾಳ್ಮೆಯಿರಲಿಲ್ಲ. ಯಜಮಾನ ಹೆಸರುಚೀಟಿಯಿಲ್ಲದ ಕ್ಯಾನಿನಲ್ಲಿ ಚಕ್ರ ತೊಳೆಯುವ ರಾಸಾಯನಿಕ ತಂದ. ಚಿಮುಕಿಸು, ಇಪ್ಪತ್ತು ಎಣಿಸು, ತೊಳೆ. ಮೂವತ್ತಾದರೆ ಚಕ್ರದ ಮೆರುಗು ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಮೇಷ್ಟ್ರು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಗಟ್ಟಿಯಾಗಿ ಎಣಿಸುವರು. ಅಂಕಿಗೊಂದು ಉಸಿರು, ಉಸಿರು ಉಸಿರಿಗೂ ಆ ಹಬೆ. ಬಣ್ಣಕ್ಕೆ ಸಿಡಿಯದಿರಲೆಂದು ಕಾರಿನ ಮೈಗೆ ಪ್ಲಾಸ್ಟಿಕ್ ಹೊದಿಸಲೇಬೇಕೆಂಬ ಕಟ್ಟುನಿಟ್ಟು ಅಲ್ಲಿತ್ತು. ಎಣಿಸುವವರ ಮೂಗಿಗೆ ಅಂಗೈಯಗಲ ಬಟ್ಟೆಯ ಏರ್ಪಾಡೂ ಇರಲಿಲ್ಲ.

“ಸಾರ್, ಇದು ಗಂಟಲು ಕೊರೆಯುತ್ತೆ,” ಎಂದರು ಮೇಷ್ಟ್ರು ಒಂದು ದಿನ.

“ಚಕ್ರಕ್ಕೇನಾದ್ರೂ ಆಯ್ತಾ?”

“ಇಲ್ಲ.”

“ಮತ್ತೇನ್ರೀ ನಿಮ್ಮ ಗೋಳು?”

*

“ಬರೀತೀರಾ ಮಾಮ?”

“ಬರೀಲಿ ಬಿಡು,” ಎಂದ ಯಜಮಾನ. “ನಾನೇನು ಅವನ ಕೈ ಹಿಡ್ಕೊಂಡಿದೀನಾ? ನಾಳೆಯಿಂದ ಬೇರೆ ಕಡೆ ಕೆಲಸ ನೋಡ್ಕೊಳ್ಳಲಿ, ಅಷ್ಟೇ.”

ಒಳಗಿನಿಂದ ತಾಯಿಯ ದನಿ ಬಂತು: “ಬಿಡೇ. ಹೋದವರಂತೂ ಹೋದ್ರು. ಅವನ ಹೆಂಡ್ತಿ ಮಕ್ಕಳನ್ನ ಬೀದಿಗೆ ತರಬೇಡ.”

ಪಾಲಿಶನಿಗೆ ಕೆಮ್ಮು ಒತ್ತರಿಸಿ ಬಂತು. ಹೆಣ ಅಲುಗದಂತೆ ಹಲ್ಲು ಕಚ್ಚಿ ನಿಂತ.

“ಇದೂ ಅದೇ ಕೆಮ್ಮು ಮಾಮ! ಅಪ್ಪನಿಗೂ ಹೀಗೇ ಶುರುವಾಗಿದ್ದು!”

“ಗೊತ್ತು ಕಣಮ್ಮ,” ಎಂದ ಪಾಲಿಶ್. “ದಾರಿ ಬಿಡು.”

ಅವಳು ಬಿಡಲಿಲ್ಲ. ಅವರೇ ಓರೆಯಾಗಿ, ಅವಳ ಭುಜಕ್ಕೆ ಉಜ್ಜಿಕೊಂಡು ದಾಟಿದರು.

ಹನ್ನೊಂದೂಕಾಲಿಗೆ ಚಿತಾಗಾರದ ಕಬ್ಬಿಣದ ಕದ ಮುಚ್ಚಿತು. ಪಾಲಿಶ್ ಮಧ್ಯಾಹ್ನದ ಪಾಳಿಗೆ ಹೊರಟುಹೋದ. ಮಗಳು ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ತೊಡೆಯ ಮೇಲಿದ್ದ ಹಾಳೆ ಗಾಳಿಗೆ ಹಾರದಂತೆ ಎರಡೂ ಅಂಗೈಯಿಂದ ಒತ್ತಿ ಹಿಡಿದಿದ್ದಳು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ.

ಗಾಜಿನ ಕೋಣೆಯಿಂದ ನೀವೂ ಕಣ್ಣಾರೆ ಕಂಡಿದ್ದೀರಿ. ನಿಮ್ಮ ಅನ್ನ ಆ ಯಜಮಾನನ ಕೈಯಲ್ಲಿಲ್ಲ. ಪಾಲಿಶ್ ಇನ್ನೂ ಉಸಿರಾಡುತ್ತಿದ್ದಾನೆ. ದಯವಿಟ್ಟು, ಕಂಡದ್ದನ್ನು ಬರೆದು ಸಹಿ ಹಾಕಿ.